ಬಾನೆಟ್ಟಿನ ಒಳಗಿನ ಬರಹ

ವಂಡ್ಸೆಯ ನನ್ನ ಗ್ಯಾರೇಜಿನಲ್ಲಿ ರಿಪೇರಿಯಾದ ಯಾವ ಕಾರಿನ ಬಾನೆಟ್ ಎತ್ತಿದರೂ ಒಳಗಡೆ ಬಿಳಿ ಪೇಂಟಿನಲ್ಲಿ ನನ್ನದೊಂದು ಬರಹ ಇರುತ್ತದೆ. ಏನು ಬದಲಿಸಿದೆ, ಯಾಕೆ ಬದಲಿಸಿದೆ, ಯಾವುದನ್ನು ಮುಟ್ಟಬಾರದು. ಮುಂದೆ ಬಿಚ್ಚುವವನು ಯಾರೋ ಏನೋ, ಹೆಸರು ಗೊತ್ತಿಲ್ಲದವನನ್ನು ಏನೆಂದು ಕರೆಯುವುದು? ಹಾಗಾಗಿ ನನ್ನ ಬರಹವೆಲ್ಲ, ನಮ್ಮ ಕುಂದಾಪುರದ ಕಡೆ ಯಾರನ್ನಾದರೂ ಕರೆಯುವ ಹಾಗೆ, 'ಹ್ವಾಯ್' ಎಂದೇ ಸುರುವಾಗುತ್ತದೆ.

ಮಗಳು ಸುಪ್ರೀತಾ ಕಂಪ್ಯೂಟರ್ ಕಲಿತು, ಗಂಗೊಳ್ಳಿಯ ಒಂದು ಐಸ್ ಪ್ಲಾಂಟಿನ ಮೆಷಿನ್ ನಡೆಸುವ ಪ್ರೋಗ್ರಾಂ ಬರೆದುಕೊಟ್ಟಳು. ನನ್ನ ಬಾಯಿ ಸುಮ್ಮನಿರಬೇಕಲ್ಲ. ನನ್ನ ಅಂಬಾಸಿಡರನ್ನು ಯಾರು ಬೇಕಾದರೂ ಬಿಚ್ಚಿ ಜೋಡಿಸಬಹುದು, ನಿನ್ನದು ಬೀಗ ಹಾಕಿದ ಡಬ್ಬಿ, ನೀನಿಲ್ಲದ ದಿನ ಗುಜರಿಗೆ ಹೋಗುತ್ತದೆ ಎಂದಿದ್ದೆ. ಅವಳು ನಕ್ಕು ಒಳಗೆ ಹೋದಳು. ಆ ನಗುವಿಗೆ ನನ್ನ ಸಿಟ್ಟು ಇನ್ನಷ್ಟು ಏರಿತ್ತು.

ಮೊನ್ನೆ ಆ ದಿನ ಬಂದೇ ಬಂತು. ಬೆಳಿಗ್ಗೆ ಸುಪ್ರೀತಾಳಿಗೆ ಆಪರೇಷನ್ ಆಗಿ ಹೆರಿಗೆಯಾಗಿತ್ತು, ಕುಂದಾಪುರದ ಆಸ್ಪತ್ರೆಯಲ್ಲಿ ಇನ್ನೂ ಮಂಪರಿನಲ್ಲಿದ್ದಳು. ಅಷ್ಟರಲ್ಲಿ ಪ್ಲಾಂಟಿನ ಯಜಮಾನರು ಪ್ರೇಮಾನಂದರ ಫೋನು. ಹೊಸ ಸೆನ್ಸರ್ ಹಾಕಿದ ಮೇಲೆ ಮೆಷಿನ್ ನಿಂತಿದೆ, ಮಾಡಿಟ್ಟ ಐಸು ಕರಗುತ್ತಿದೆ, ಮೀನಿನ ಬೋಟಿನವರು ಐಸಿಗೆ ಕಾಯುತ್ತಿದ್ದಾರೆ, ಇವತ್ತು ಸರಿಯಾಗದಿದ್ದರೆ ನಿಮ್ಮ ಮಗಳ ಪ್ರೋಗ್ರಾಂ ತೆಗೆದು ಬೇರೆಯದು ಹಾಕಿಸುತ್ತೇನೆ ಎಂದರು. ಅವಳನ್ನು ಎಬ್ಬಿಸಲು ಮನಸ್ಸಾಗಲಿಲ್ಲ. ಕಾರು ಹತ್ತಿ ನಾನೇ ಹೋದೆ.

ಅಲ್ಲಿ ಕೌಶಲ್ ಎಂಬ ಹುಡುಗ ಕಂಪ್ಯೂಟರಿನ ಮುಂದೆ ಕೂತಿದ್ದ. ಪ್ರೇಮಾನಂದರು ಅವನನ್ನು ಬ್ರಹ್ಮಾವರದಿಂದ ಕರೆಸಿದ್ದರು. ಸುಪ್ರೀತಾಳ ಮುಖವನ್ನೂ ಅವನು ಕಂಡವನಲ್ಲ. ನಾನು ಹಿಂದೆ ನಿಂತು, ನನ್ನ ಮಾತು ಸುಳ್ಳಾಗಲಿ ದೇವರೇ ಎಂದು ಜೀವನದಲ್ಲಿ ಮೊದಲ ಸಲ ಬೇಡಿಕೊಂಡೆ.

ಸುಪ್ರೀತಾಳ ಪ್ರೋಗ್ರಾಂ ಓದುತ್ತ ಓದುತ್ತ ಕೌಶಲ್ ಒಂದು ಕಡೆ ತಡೆದ. ಇಂಗ್ಲಿಷಿನ ನಡುವೆ ಕನ್ನಡದ ಸಾಲಿತ್ತು. ಗಟ್ಟಿಯಾಗಿ ಓದಿದ.

"ಹ್ವಾಯ್, ಹೊಸ ಸೆನ್ಸರ್ ಹಾಕಿರೆ ಕೆಳಗಿನ್ ಒಂದ್ ನಂಬರ್ ಬದಲ್ ಮಾಡಿ, ಸಾಕ್. ಬಾಕಿ ಎಂತದೂ ಮುಟ್ಟುಕ್ ಹೋಯ್ಬೇಡಿ."

ನಾನು ಬಗ್ಗಿ ಆ 'ಹ್ವಾಯ್' ಅನ್ನು ಇನ್ನೊಮ್ಮೆ ಓದಿದೆ. ಕೌಶಲ್ ನಂಬರ್ ಬದಲಿಸಿದ, ಮೆಷಿನ್ ಸುರುವಾಯಿತು. ಹೊರಗೆ ಬೋಟಿನವರು ಎದ್ದು ನಿಂತರು. ಇಷ್ಟು ಸಲೀಸಾಗಿ ಯಾರೂ ಬರೆದಿಡುವುದಿಲ್ಲ ಎಂದ ಕೌಶಲ್. ತಾನು ಮಾಡಿದ್ದನ್ನೂ ಅದರ ಕೆಳಗೆ ಬರೆಯುತ್ತೇನೆ, ಏನೆಂದು ಸುರು ಮಾಡಲಿ ಎಂದು ಪ್ರೇಮಾನಂದರನ್ನು ಕೇಳಿದ.

ಉತ್ತರ ಕೊಟ್ಟದ್ದು ನಾನು.

"ಹ್ವಾಯ್ ಅಂದೇಳಿ ಸುರು ಮಾಡ್ ಮಾರಾಯ. ನಮ್ಮ್ ಅಪ್ಪ-ಮಗಳ್ ಗ್ಯಾರೇಜಿನ್ ಕ್ರಮ ಅದ್."