ಫುಲ್ ಟೀ

ಚನ್ನಪಟ್ಟಣದ ಹೆದ್ದಾರಿ ಬದಿಯ ಆ ಬೊಂಬೆ ಕಾರ್ಖಾನೆಯಲ್ಲಿ ಲೇತ್ ಮೆಷಿನ್ನಿನ ಮುಂದೆ ಕೂರುವವರು ಇಪ್ಪತ್ತೆರಡು ಜನ. ಹನ್ನೊಂದು ಗಂಟೆಗೆ ಮಾಯಮ್ಮ ತರುತ್ತಿದ್ದದ್ದು ಹನ್ನೊಂದು ಟೀ. ಯಜಮಾನ ಮನೋಹರ್ ಶೆಡ್ಡಿನಲ್ಲಿ ಶುರುಮಾಡಿದಾಗಿನ ಜಿಪುಣತನ ಅದು. ಆಮೇಲೆ ಶೆಡ್ಡು ಹೋಗಿ ಆರ್‌ಸಿಸಿ ಬಂತು, ಜರ್ಮನಿಯಿಂದ ಆರ್ಡರ್ ಬಂತು, ಟೀ ಮಾತ್ರ ಬೈಟುವಾಗಿಯೇ ಉಳಿಯಿತು. ಇಬ್ಬಿಬ್ಬರಿಗೆ ಒಂದು ಟೀ, ಎರಡು ಲೋಟ. ಯಾರೂ ಬರೆದಿಡದ ಒಂದು ಕಾನೂನಿತ್ತು: ಸುರಿದವನು ಮೊದಲು ಎತ್ತುವಂತಿಲ್ಲ, ಇನ್ನೊಬ್ಬ ಆರಿಸಿಕೊಂಡ ಮೇಲೆ ಉಳಿದದ್ದು ಅವನಿಗೆ. ಆ ಕಾರ್ಖಾನೆಯಲ್ಲಿ ಅಷ್ಟು ಚೊಕ್ಕವಾದ ಆಡಿಟ್ಟು ಬೇರೆ ಯಾವುದಕ್ಕೂ ನಡೆಯುತ್ತಿರಲಿಲ್ಲ.

ಬೈರಾಪಟ್ಟಣದ ನರೇಂದ್ರ ಒಂಬತ್ತು ವರ್ಷ ಅಸದುಲ್ಲಾನಿಗೆ ಸುರಿದಿದ್ದ.

“ಕಾಂಪೌಂಡರ್ ಔಷ್ದಿ ಬುಟ್ಟಂಗೆ ಬುಡ್ತೀಯಲ್ಲೋ. ಆಸ್ಪತ್ರೇಲಿರ್ಬೇಕಿತ್ತು ಕಣ್ಲಾ ನೀನು,” ಎಂದು ಅಸದುಲ್ಲಾ ಎರಡೂ ಲೋಟಗಳನ್ನು ಕಣ್ಣಿನ ಮಟ್ಟಕ್ಕೆತ್ತಿ ನೋಡುತ್ತಿದ್ದ.

“ನಿನ್ ಕಣ್ಣನ್ನೇ ಅಲ್ಲಿಗೆ ಸೇರಿಸ್ಬೇಕು. ಎತ್ಕಳ್ಲಾ, ಆರೋಯ್ತದೆ.”

ಎರಡು ಸಾವಿರದ ಆರರಲ್ಲಿ ನರೇಂದ್ರನನ್ನು ಸೂಪರ್‌ವೈಸರ್ ಮಾಡಿದರು. ಗಾಜಿನ ಕ್ಯಾಬಿನ್ನು, ತಿರುಗುವ ಕುರ್ಚಿ, ಸಾಸರ್ ಸಮೇತ ಒಂದು ಫುಲ್ ಟೀ. ಮೊದಲ ದಿನವೇ ಅವನು ಕಪ್ಪು ಹಿಡಿದು ಕೆಳಗಿಳಿದು ಹೋದ. ಅವನ ಮೆಷಿನ್ನಿಗೆ ಬಂದಿದ್ದ ತಿಮ್ಮಯ್ಯ ಅವನ ಜಾಗದಲ್ಲೇ ಕುಕ್ಕರಗಾಲಲ್ಲಿ ಕೂತು ಸುರಿಯುತ್ತಿದ್ದ, ಅದೂ ಚೆಲ್ಲಿಕೊಂಡು.

“ನಿಮ್ದು ಫುಲ್ ಅಲ್ವಾ, ಕುಡೀರಿ ಸಾರ್,” ಎಂದ ಅಸದುಲ್ಲಾ. ಅದರಲ್ಲಿ ಕೊಂಕಿದ್ದರೆ ನರೇಂದ್ರ ಜಗಳವನ್ನಾದರೂ ಆಡಬಹುದಿತ್ತು. ಇರಲಿಲ್ಲ.

ಮೂರು ತಿಂಗಳು ಅವನು ಗಾಜಿನ ಒಳಗಿಂದ ಹನ್ನೊಂದು ಜೋಡಿಗಳನ್ನು ನೋಡಿದ. ನಗುವುದು ಕಾಣುತ್ತಿತ್ತು, ಯಾತಕ್ಕೆ ಎಂಬುದು ಕೇಳುತ್ತಿರಲಿಲ್ಲ.

ಆಮೇಲೆ ಮನೋಹರ್ ಅವನನ್ನು ಬೆಂಗಳೂರಿಗೆ ಎರಡು ದಿನದ ನಾಯಕತ್ವ ತರಬೇತಿಗೆ ಕಳಿಸಿದ. ಟೈ ಕಟ್ಟಿದ, ಜೀವಮಾನದಲ್ಲಿ ಉಳಿ ಮುಟ್ಟಿರದ ಒಬ್ಬರು, ಯಾವ ಸಮಸ್ಯೆಗಾದರೂ ಐದು ಸಲ ‘ಯಾಕೆ’ ಎಂದು ಕೇಳಿಕೊಂಡರೆ ಬೇರು ಸಿಗುತ್ತದೆ ಎಂದು ಹೇಳಿಕೊಟ್ಟರು. ವಾಪಸು ಬರುವ ರೈಲಿನಲ್ಲೇ ನರೇಂದ್ರ ಡೈರಿ ತೆಗೆದ. ಅಸದುಲ್ಲಾ ಯಾಕೆ ಮೊದಲಿನಂತೆ ಮಾತಾಡುವುದಿಲ್ಲ? ನಾನು ಸೂಪರ್‌ವೈಸರ್. ಆದರೆ ಯಾಕೆ? ಅವನಿಗಿಂತ ಮೇಲಿನವನಂತೆ ಕಾಣುತ್ತೇನೆ. ಯಾಕೆ? ನನಗೆ ಫುಲ್ ಟೀ, ಅವನಿಗೆ ಅರ್ಧ. ರಾಮನಗರ ಬರುವಷ್ಟರಲ್ಲಿ ಬೇರು ಸಿಕ್ಕಿಬಿಟ್ಟಿತ್ತು. ಇನ್ನೆರಡು ಯಾಕೆಗಳನ್ನು ಅವನು ಕೇಳಿಕೊಳ್ಳಲಿಲ್ಲ.

ಎಲ್ಲರಿಗೂ ಫುಲ್ ಟೀ ಕೊಡೋಣ ಎಂದಾಗ ಮನೋಹರ್ ಕನ್ನಡಕ ತೆಗೆದ. ನರೇಂದ್ರ ಗಡಿಯಾರ ಹಿಡಿದು ಬರೆದಿಟ್ಟ ಚೀಟಿ ಮುಂದಿಟ್ಟ: ಎದ್ದು ಹೋಗಿ, ಸುರಿದು, ಆರಿಸಿ, ಹರಟಿ, ವಾಪಸು ಕೂರಲು ಇಪ್ಪತ್ತೆರಡು ನಿಮಿಷ. ಅವರವರ ಮೆಷಿನ್ನಿನ ಹತ್ತಿರವೇ ಲೋಟ ಕೊಟ್ಟರೆ ಹತ್ತು.

“ಟ್ರೈನಿಂಗ್‌ಗೆ ಕಳ್ಸಿದ್ದು ದಂಡ ಆಗ್ಲಿಲ್ಲ ಕಣಯ್ಯ,” ಎಂದ ಮನೋಹರ್.

ಲೆಕ್ಕಪತ್ರ ನೋಡುವ ಲತಾಮಣಿ ಪೆನ್ನಿನ ತುದಿ ಕಚ್ಚಿಕೊಂಡು ಕೇಳಿದಳು, “ಈ ಟೀ ಖರ್ಚನ್ನ ಯಾವ್ ಹೆಡ್‌ಗೆ ಹಾಕ್ಲಿ ಸಾರ್?”

“ನೌಕರರ ಕಲ್ಯಾಣ,” ಎಂದ ಮನೋಹರ್. ಕಲ್ಯಾಣ ಯಾರದೆಂದು ನರೇಂದ್ರ ಹೇಳಲಿಲ್ಲ.

ಸೋಮವಾರ ಮಾಯಮ್ಮ ತಟ್ಟೆ ಹಿಡಿದು ಮೆಷಿನ್ನಿನಿಂದ ಮೆಷಿನ್ನಿಗೆ ಹೋದಳು. ನರೇಂದ್ರ ಸಾಸರನ್ನು ಕ್ಯಾಬಿನ್ನಿನಲ್ಲೇ ಬಿಟ್ಟು, ಎಲ್ಲರಂತೆ ಸ್ಟೀಲ್ ಲೋಟ ಹಿಡಿದು ಕೆಳಗಿಳಿದ. ಯಾರೂ ಎದ್ದಿರಲಿಲ್ಲ. ಇಪ್ಪತ್ತೆರಡು ಬೆನ್ನುಗಳು, ಒಂದೊಂದರ ಮುಂದೆ ಒಂದೊಂದು ಲೋಟ. ಮರದ ಹೊಟ್ಟಿನ ಮೇಲೆ ಇಬ್ಬಿಬ್ಬರು ಕೂತು ಕೂತು ಆಗಿದ್ದ ತಗ್ಗುಗಳು ಹಾಗೇ ಇದ್ದವು. ತಿಮ್ಮಯ್ಯ ಆ ಕಡೆ ತಿರುಗಿ ಕುಡಿಯುತ್ತಿದ್ದ. ಅಸದುಲ್ಲಾ ಈ ಕಡೆ.

“ಈಗ ಎಲ್ರೂ ಒಂದೇ ಆದಂಗಾಯ್ತಲ್ಲ,” ಎಂದ ನರೇಂದ್ರ.

“ಹೂಂ ಸಾರ್.”

“ಸಕ್ರೆ ಸರಿಯಾಗೈತಾ?”

“ಐತೆ. ಒಸಿ ಜಾಸ್ತೀನೇ ಆಯ್ತು, ಟೀನೇ.” ಅಸದುಲ್ಲಾ ಲೋಟದೊಳಕ್ಕೆ ನೋಡಿದ. “ಕುಡ್ದು ಮುಗ್ಸೋಕೆ ವೊತ್ತಾಯ್ತದೆ. ಯಾರಾನಾ ಇದ್ರೆ ಗೊತ್ತಾಗ್ತಿರ್ಲಿಲ್ಲ.”

ನರೇಂದ್ರ ಅಲ್ಲೇ ನಿಂತ. ಹಂಚೋಣ ಎನ್ನುವುದಕ್ಕೆ ಅವನ ಕೈಯಲ್ಲೂ ತುಂಬಿದ ಲೋಟ, ಎದುರಿನವನ ಕೈಯಲ್ಲೂ ತುಂಬಿದ ಲೋಟ. ಹತ್ತು ನಿಮಿಷಕ್ಕೆ ಸರಿಯಾಗಿ ಮೋಟಾರುಗಳು ಶುರುವಾದವು. ಅರಗಿನ ಬಿಸಿ ವಾಸನೆ ಎದ್ದಿತು.

ತಿಂಗಳ ಕೊನೆಗೆ ಲತಾಮಣಿ ಪಟ್ಟಿ ಹಿಡಿದು ಕ್ಯಾಬಿನ್ನಿಗೆ ಬಂದಳು. ಉಳಿದ ನಿಮಿಷಗಳಲ್ಲಿ ಮುನ್ನೂರು ಬುಗುರಿ ಹೆಚ್ಚಿಗೆ ಆಗಿವೆಯಂತೆ, ಯಜಮಾನರು ಶಭಾಸ್ ಹೇಳಲು ಹೇಳಿದ್ದಾರಂತೆ. ಮೇಜಿನ ಮೇಲೆ ಎರಡು ಸ್ಟೀಲ್ ಲೋಟಗಳಿದ್ದವು, ಎರಡರಲ್ಲೂ ಅರ್ಧರ್ಧ ಟೀ, ಕೂದಲೆಳೆಯಷ್ಟೂ ಹೆಚ್ಚುಕಮ್ಮಿಯಿಲ್ಲದೆ.

“ಯಾರಾದ್ರೂ ಬರೋರಿದ್ರಾ ಸಾರ್?”

“ಇಲ್ಲಮ್ಮ. ಅಳತೆ ಸರಿ ಐತಾ ಅಂತ ನೋಡ್ತಿದ್ದೆ.”

ಅವಳು ಹೋದಳು. ಸುರಿದವನು ಅವನೇ ಆದ್ದರಿಂದ ಮೊದಲು ಎತ್ತುವಂತಿರಲಿಲ್ಲ. ಎರಡರ ಮೇಲೂ ಕೆನೆ ಕಟ್ಟುವವರೆಗೆ ಅವನು ಕಾದ.