ಒಂದೂವರೆ ಸುತ್ತು

ನೀರುಗಂಟಿಯ ಬೈಕು ಅವನ ಮಗಳಿಗಿಂತ ಹಿರಿಯದು. ಮಗಳು ಮದುವೆಯಾಗಿ ಹೋಗಿ ಎರಡು ಮಕ್ಕಳ ತಾಯಿಯಾದಳು, ಇದೊಂದು ಮಾತ್ರ ಇನ್ನೂ ಮನೆ ಬಿಟ್ಟು ಹೋಗಿಲ್ಲ ಎಂದು ಅವನ ಹೆಂಡತಿ ಬಂದವರೆದುರು ಹೇಳಿ ನಗುತ್ತಿದ್ದಳು. ಡಾಂಬರು ರಸ್ತೆಗೂ ಸೈ, ಕಲ್ಲುಮಣ್ಣಿನ ದಾರಿಗೂ ಸೈ ಎನ್ನುವ ಜಾತಿಯ ಬೈಕು ಅದು. ಎತ್ತರದ ಸೀಟು, ಮುಂದೆ ದೊಡ್ಡ ಚಕ್ರ, ಎಂಜಿನ್ನಿನ ಹೊಟ್ಟೆಗೆ ಕಲ್ಲು ಬಡಿಯದಂತೆ ಅಡಿಯಲ್ಲೊಂದು ದಪ್ಪ ತಗಡು. ಗುಡ್ಡದ ಮೇಲಿರುವ ನೀರಿನ ಟ್ಯಾಂಕುಗಳಿಗೆ ದಿನಾ ಬೆಳಿಗ್ಗೆ ಹೋಗಿ, ವಾಲ್ವು ತಿರುಗಿಸಿ, ಊರಿಗೆ ನೀರು ಬಿಟ್ಟು ಬರುವುದು ಅವನ ಕೆಲಸ. ಆ ದಾರಿಗೆ ಬೇರೆ ಗಾಡಿ ಹತ್ತುವುದಿಲ್ಲ. ಹತ್ತಿದರೂ ಇಳಿಯುವಾಗ ಬಿಡಿಬಿಡಿಯಾಗಿ ಇಳಿಯುತ್ತದೆ.

ಅದನ್ನು ಇನ್ನೊಬ್ಬರ ಕೈಗೆ ಕೊಟ್ಟವನಲ್ಲ ಅವನು. ಮೆಕ್ಯಾನಿಕ್ಕುಗಳೆಂದರೆ ಅವನ ಪಾಲಿಗೆ ಸುತ್ತಿಗೆ ಹಿಡಿದ ಡಾಕ್ಟರುಗಳು. ಈ ಸಲ ಕಾರ್ಬ್ಯುರೇಟರನ್ನು ಪೂರ್ತಿ ಬಿಚ್ಚಿ, ಪೆಟ್ರೋಲಿನಲ್ಲಿ ತೊಳೆದು, ಸವೆದ ಸಾಮಾನುಗಳನ್ನೆಲ್ಲ ಹೊಸದಾಗಿ ಹಾಕಿದ್ದ. ಅದರ ಪಕ್ಕದಲ್ಲೊಂದು ಹಿತ್ತಾಳೆಯ ಪುಟ್ಟ ಸ್ಕ್ರೂ ಇದೆ. ಅದನ್ನು ಪೂರ್ತಿ ಬಿಗಿ ಮಾಡಿ, ಅಲ್ಲಿಂದ ಒಂದೂವರೆ ಸುತ್ತು ಬಿಚ್ಚಿದರೆ ಗಾಳಿಯೂ ಪೆಟ್ರೋಲೂ ಹದವಾಗಿ ಸೇರುತ್ತವೆ. ಅದಕ್ಕಿಂತ ಹೆಚ್ಚು ಬಿಚ್ಚಿದಿರೋ, ಗಾಳಿ ಜಾಸ್ತಿಯಾಗಿ ಎಂಜಿನ್ನು ಬೆಳಿಗ್ಗೆ ಏಳಲು ಮುನಿಯುತ್ತದೆ, ಏರಿನಲ್ಲಿ ಮುಗ್ಗರಿಸುತ್ತದೆ, ಇಳಿಜಾರಿನಲ್ಲಿ ಆಕ್ಸಿಲರೇಟರು ಬಿಟ್ಟೊಡನೆ ಸೈಲೆನ್ಸರಿನಿಂದ ಪಟಪಟ ಸಿಡಿಯುತ್ತದೆ. ಸವೆದ ಸಾಮಾನಿನ ದೆಸೆಯಿಂದ ಇಷ್ಟು ವರ್ಷ ಅದು ಸಿಡಿಯುತ್ತಲೇ ಇತ್ತು. ರಿಪೇರಿಯಾದ ಮರುದಿನ ಮಾತ್ರ ಗುಡ್ಡದಿಂದ ಬೆಕ್ಕಿನ ಹಾಗೆ ಸದ್ದಿಲ್ಲದೆ ಇಳಿದು ಬಂತು. ನೀರುಗಂಟಿಗೆ ಸ್ವರ್ಗಕ್ಕೆ ಮೂರೇ ಗೇಣು.

ಆ ಸಂತೋಷ ಒಂದು ವಾರವೂ ಬಾಳಲಿಲ್ಲ. ಒಂದು ಬೆಳಿಗ್ಗೆ ಕಿಕ್ ಹೊಡೆದೂ ಹೊಡೆದೂ ಅವನ ಮೊಣಕಾಲು ಸೋತಿತು. ಹೇಗೋ ಸ್ಟಾರ್ಟಾಗಿ ಟ್ಯಾಂಕು ಮುಟ್ಟಿ ವಾಪಸು ಇಳಿಯುವಾಗ ತಿರುವಿನಲ್ಲಿ ಪಟಪಟ ಶುರುವಾಯಿತು. ಮನೆಗೆ ಬಂದು ಸ್ಕ್ರೂ ಬಿಗಿ ಮಾಡುತ್ತಾ ಎಣಿಸಿದರೆ ಎರಡೂವರೆ ಸುತ್ತು. ಒಂದೂವರೆ ಇದ್ದದ್ದು ಎರಡೂವರೆ ಹೇಗಾಯಿತಪ್ಪಾ ಎಂದು ತಲೆ ಕೆರೆದುಕೊಂಡ. ಎಂಜಿನ್ನಿನ ಅದುರಾಟಕ್ಕೆ ಸ್ಕ್ರೂ ತಾನಾಗಿ ತಿರುಗಿರಬೇಕು ಎಂದುಕೊಂಡು, ಅದನ್ನು ಹಿಡಿದಿಡುವ ಸ್ಪ್ರಿಂಗನ್ನು ಬದಲಾಯಿಸಿದ. ಸ್ಪೇರ್ ಪಾರ್ಟ್ಸ್ ಅಂಗಡಿಯವನು ಸ್ಪ್ರಿಂಗು ಕೊಡುತ್ತಾ, ಬೈಕಿಗೂ ವಯಸ್ಸಾಯಿತು, ನಿಮಗೂ ವಯಸ್ಸಾಯಿತು, ಇಬ್ಬರಲ್ಲಿ ಯಾರಾದರೂ ಒಬ್ಬರು ರಿಟೈರಾಗಿ ಎಂದು ಚುಡಾಯಿಸಿದ. ಅವನು ನಕ್ಕ, ಆದರೆ ಆ ಮಾತು ಮುಳ್ಳಿನ ಹಾಗೆ ಒಳಗೆಲ್ಲೋ ನಾಟಿ ಕೂತಿತು.

ಹೊಸ ಸ್ಪ್ರಿಂಗು ಹಾಕಿದ ಮೇಲೂ ಮತ್ತೆ ಅದೇ ಕತೆ. ಅದುರಾಟಕ್ಕೆ ತಿರುಗುವ ಸ್ಕ್ರೂ ಒಂದು ದಿನ ಕಾಲು ಸುತ್ತು, ಇನ್ನೊಂದು ದಿನ ಮುಕ್ಕಾಲು ಸುತ್ತು ತಿರುಗಬೇಕು. ಇದು ಸರಿಯಾಗಿ ಒಂದು ಸುತ್ತು, ಯಾರೋ ಎಣಿಸಿ ತಿರುಗಿಸಿದ ಹಾಗೆ. ಸ್ಕ್ರೂವಿನ ತಲೆಗೂ ಪಕ್ಕದ ಲೋಹಕ್ಕೂ ಸೇರಿಸಿ ಬಿಳಿ ಬಣ್ಣದ ಒಂದು ಗೆರೆ ಎಳೆದ. ಮಾರನೆಯ ದಿನ ನೋಡಿದರೆ ಗೆರೆ ಕೂಡಿಕೊಂಡೇ ಇದೆ, ಎಣಿಸಿದರೆ ಮಾತ್ರ ಎರಡೂವರೆ. ಪೂರ್ತಿ ಒಂದು ಸುತ್ತು ತಿರುಗಿದರೆ ಗೆರೆ ಬಂದು ಅದೇ ಜಾಗಕ್ಕೆ ಸೇರುತ್ತದೆ ಎನ್ನುವುದು ಆಮೇಲೆ ಹೊಳೆದು ತನ್ನ ಬುದ್ಧಿಗೆ ತಾನೇ ಶಾಪ ಹಾಕಿಕೊಂಡ. ಅಷ್ಟರಲ್ಲಿ ಇನ್ನೊಂದು ಯೋಚನೆ ಬಂತು. ಗೆರೆ ಎಳೆಯುವಾಗಲೇ ಸ್ಕ್ರೂ ಎರಡೂವರೆಯಲ್ಲಿ ಇತ್ತೋ ಏನೋ. ತಾನು ಒಂದೂವರೆಗೆ ಇಟ್ಟೆ ಎಂದುಕೊಂಡದ್ದೇ ಸುಳ್ಳೋ ಏನೋ.

ಅಲ್ಲಿಂದ ಮುಂದೆ ಅವನ ತಲೆ ಮೊಸರುಗಡಿಗೆಯಾಯಿತು. ಯಾಕೆಂದರೆ ಅವನಿಗೊಬ್ಬ ಅಣ್ಣನಿದ್ದಾನೆ. ಒಳ್ಳೆಯ ಬಡಗಿ. ಕಣ್ಣಳತೆಯಲ್ಲೇ ಹಲಗೆ ಕೊಯ್ಯುತ್ತಿದ್ದ ಮನುಷ್ಯ ಇದೇ ವಯಸ್ಸಿನಲ್ಲಿ ಒಂದೇ ಹಲಗೆಯನ್ನು ಮತ್ತೆ ಮತ್ತೆ ಅಳೆಯತೊಡಗಿದ. ಆಮೇಲೆ ಯಾರೋ ನನ್ನ ಟೇಪನ್ನು ಮುಟ್ಟುತ್ತಿದ್ದಾರೆ ಎಂದು ಜಗಳ ತೆಗೆಯತೊಡಗಿದ. ಈಗ ಸೊಸೆಯ ಮನೆಯ ಜಗಲಿಯಲ್ಲಿ ಕೂತು, ನೋಡಲು ಹೋದ ತಮ್ಮನನ್ನು ಅಪ್ಪಾ ಎಂದು ಕರೆಯುತ್ತಾನೆ. ಯಾರೋ ಮುಟ್ಟುತ್ತಿದ್ದಾರೆ ಎನ್ನುವ ಮಾತು ತನ್ನ ಬಾಯಿಂದಲೂ ಬಂದುಬಿಟ್ಟರೆ ಎಂದು ನೀರುಗಂಟಿ ಹೆದರಿದ. ಹಾಗಾಗಿ ಹೆಂಡತಿಗೆ ಹೇಳಲಿಲ್ಲ. ಅಕ್ಕಪಕ್ಕದವರನ್ನು ಕೇಳಲಿಲ್ಲ. ಬಾಯಿಗೆ ಬೀಗ ಹಾಕಿಕೊಂಡು, ದಿನಾ ಬೆಳಿಗ್ಗೆ ಕಳ್ಳನ ಹಾಗೆ ಬೈಕಿನ ಪಕ್ಕ ಕುಕ್ಕರುಗಾಲಿನಲ್ಲಿ ಕೂತು ಸುತ್ತು ಎಣಿಸುತ್ತಿದ್ದ. ಕೆಲವು ದಿನ ಸರಿಯಾಗಿರುತ್ತಿತ್ತು, ಕೆಲವು ದಿನ ಇಲ್ಲ. ಸರಿಯಿದ್ದ ದಿನವೇ ಹೆಚ್ಚು ಭಯ. ಯಾವುದನ್ನು ನಂಬುವುದು, ಸ್ಕ್ರೂವನ್ನೋ ತಲೆಯನ್ನೋ?

ಹೀಗಿರುವಾಗ ಒಂದು ದಿನ ಗುಡ್ಡದ ಅರ್ಧ ದಾರಿಯಲ್ಲಿ ಬೂಟಿನ ಮೇಲೆ ಆಯಿಲು ಚಿಮ್ಮಿದ್ದು ಕಂಡಿತು. ಬೈಕು ನಿಲ್ಲಿಸಿ, ನಟ್ಟು ಬಿಚ್ಚುವ ಪಾನ ತೆಗೆದು, ಅಡಿಯ ತಗಡಿನ ನಾಲ್ಕೂ ನಟ್ಟು ಬಿಚ್ಚಿ ಕೆಳಗಿಳಿಸಿದ. ತಗಡಿನ ತುಂಬ ಆಯಿಲು. ಆಯಿಲು ಇಳಿಸುವ ಬೋಲ್ಟು ಸಡಿಲವಾಗಿ, ಬೆರಳಿಗೇ ತಿರುಗುತ್ತಿತ್ತು. ಹಿಂದಿನ ಭಾನುವಾರ ಆಯಿಲು ಬದಲಾಯಿಸಿದ್ದು ಅವನೇ. ಹಳೆಯದು ಇಳಿಸಿದ್ದು ನೆನಪಿದೆ. ಬೋಲ್ಟನ್ನು ಬೆರಳಲ್ಲಿ ತಿರುಗಿಸಿ ಕೂರಿಸಿದ್ದು ನೆನಪಿದೆ. ಪಾನ ಹಾಕಿ ಕೊನೆಗೊಮ್ಮೆ ಬಿಗಿ ಮಾಡಿದ್ದು? ದಾರಿ ಬದಿಯ ಕಲ್ಲಿನ ಮೇಲೆ ಕೂತು ಎಷ್ಟು ಹುಡುಕಿದರೂ ಆ ಗಳಿಗೆ ಸಿಗಲಿಲ್ಲ. ಇನ್ನೊಂದು ದಿನ ನೋಡದೆ ಓಡಿಸಿದ್ದರೆ ಎಂಜಿನ್ನು ಒಣಗಿ ಕಚ್ಚಿಕೊಂಡು, ಇಳಿಜಾರಿನಲ್ಲಿ ಬೈಕೂ ಅವನೂ ಒಟ್ಟಿಗೆ ಹೋಗುತ್ತಿದ್ದರು. ಬೋಲ್ಟನ್ನು ಬಿಗಿ ಮಾಡಿ, ಟ್ಯಾಂಕಿನ ಕೋಣೆಯಲ್ಲಿಟ್ಟಿದ್ದ ಆಯಿಲನ್ನು ನಡೆದು ಹೋಗಿ ತಂದು ತುಂಬಿಸಿ, ಊರಿಗೆ ನೀರು ಬಿಟ್ಟು ಹೇಗೋ ಮನೆ ಸೇರಿದ. ಮಧ್ಯಾಹ್ನದ ಊಟವನ್ನು ಅರ್ಧಕ್ಕೇ ಬಿಟ್ಟ. ತಲೆನೋವು ಎಂದು ಹೇಳಿ ಮಲಗಿದ.

ನಿದ್ದೆ ಎಲ್ಲಿಂದ ಬರಬೇಕು. ಹೊರಳಾಡಿ ಹೊರಳಾಡಿ ಎದ್ದು ಕಿಟಕಿಯ ಹತ್ತಿರ ಬಂದರೆ, ಹಿತ್ತಲಲ್ಲಿ ಬೈಕಿನ ಪಕ್ಕ ಹೆಂಡತಿ ಕೂತಿದ್ದಳು. ಕೈಯಲ್ಲಿ ಹೊಲಿಗೆ ಮೆಷಿನ್ನಿನ ಸ್ಕ್ರೂಡ್ರೈವರು. ನಾಲಿಗೆ ಕಚ್ಚಿಕೊಂಡು, ಬಲು ಜಾಗ್ರತೆಯಿಂದ, ಹಿತ್ತಾಳೆಯ ಸ್ಕ್ರೂವನ್ನು ಒಂದು ಸುತ್ತು ತಿರುಗಿಸುತ್ತಿದ್ದಳು.

ನೀರುಗಂಟಿ ಚಪ್ಪಲಿಯನ್ನೂ ಮೆಟ್ಟದೆ ಹೊರಗೆ ಬಂದ. ಅವಳು ಬೆಚ್ಚಿಬಿದ್ದು, ಎದ್ದು ನಿಂತು, ಸ್ಕ್ರೂಡ್ರೈವರನ್ನು ಬೆನ್ನ ಹಿಂದೆ ಮರೆಮಾಡಿದಳು. ಆಮೇಲೆ ಮರೆಮಾಡಿ ಪ್ರಯೋಜನವಿಲ್ಲ ಎಂದು ಮುಂದಕ್ಕೆ ತಂದಳು. ಇಷ್ಟು ವರ್ಷ ಅಡುಗೆಮನೆಯ ಕಿಟಕಿಯಿಂದ ಅವನ ಕೈಯನ್ನು ನೋಡಿ ನೋಡಿ ಕಲಿತದ್ದಂತೆ. ಬಿಚ್ಚಿದರೆ ಸಿಡಿಯುತ್ತದೆ, ಬಿಗಿ ಮಾಡಿದರೆ ಸುಮ್ಮನಾಗುತ್ತದೆ, ಅಷ್ಟು ಗೊತ್ತಂತೆ. ಮಧ್ಯಾಹ್ನ ಅವನು ನಿದ್ದೆ ಹೋದ ದಿನವೆಲ್ಲ ಬಂದು ತಿರುಗಿಸುತ್ತಿದ್ದಳಂತೆ, ಅವನು ಎಚ್ಚರವಿದ್ದ ದಿನ ಆಗುತ್ತಿರಲಿಲ್ಲವಂತೆ.

ಯಾಕೆ ಎಂದು ಕೇಳಿದ.

"ಆ ತಿರುವಲ್ಲಿ ಪಟಪಟ ಅಂದ್ರೆ ನೀವು ಬದುಕಿ ಇಳಿದು ಬರ್ತಿದ್ದೀರಿ ಅಂತ ಗೊತ್ತಾಗ್ತಿತ್ತು ರೀ. ಇಷ್ಟು ವರ್ಷ ಅದನ್ನ ಕೇಳಿಸ್ಕೊಂಡೇ ಒಲೆ ಹಚ್ತಿದ್ದೆ. ಈಗ ಸದ್ದೇ ಇಲ್ಲ. ನೀವು ಬಾಗಿಲಿಗೆ ಬರೋವರೆಗೂ ಜೀವ ಕೈಯಲ್ಲಿ ಹಿಡ್ಕೊಂಡು ಕೂತಿರ್ತೀನಿ. ಹೇಳಿದ್ರೆ ನಗ್ತೀರಿ ಅಂತ ಹೇಳ್ಲಿಲ್ಲ."

ಅವನು ನಕ್ಕೇಬಿಟ್ಟ. ಹೋದ ಜೀವ ಬಂದಂತಾಗಿ, ಬೈಕಿನ ಸೀಟು ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಬಯ್ಯುತ್ತಾನೆಂದು ಕಾದಿದ್ದ ಅವಳಿಗೆ ತಲೆಬುಡ ತಿಳಿಯಲಿಲ್ಲ. ಆಗ ಅವನು ಎಲ್ಲ ಹೇಳಿದ. ಸ್ಪ್ರಿಂಗಿನ ಕತೆ, ಬಿಳಿ ಗೆರೆಯ ಕತೆ, ಅಣ್ಣನ ಹಲಗೆ, ಅಣ್ಣನ ಟೇಪು, ತಾನು ರಾತ್ರಿ ಹಗಲು ಹೆದರಿದ್ದು. ಹೇಳುತ್ತಾ ಹೇಳುತ್ತಾ ಎದೆ ಹಗುರವಾಯಿತು. ಮೊದಮೊದಲು ಅವನ ಜೊತೆ ನಕ್ಕ ಅವಳ ನಗು ಮಾತ್ರ ಸ್ವಲ್ಪ ಸ್ವಲ್ಪವಾಗಿ ಇಳಿಯುತ್ತಾ ಹೋಯಿತು. ಇಷ್ಟು ದಿನ ಒಬ್ಬರೇ ಹೊತ್ಕೊಂಡು ತಿರುಗಿದ್ರಾ ಎಂದು ಅವನ ತೋಳು ಹಿಡಿದಳು.

"ಹೋಗ್ಲಿ ಬಿಡು," ಎಂದ ಅವನು ಇನ್ನೂ ಅದೇ ಹುರುಪಿನಲ್ಲಿ. "ಸ್ಕ್ರೂ ಸರಿ, ಆ ಆಯಿಲ್ ಬೋಲ್ಟ್ ಯಾಕೆ ಸಡಿಲ ಮಾಡಿದೆ? ಇವತ್ತು ನನ್ನ ಜೀವ ಬಾಯಿಗೆ ಬಂದಿತ್ತು."

ಅವಳು ಬಾಯಿ ತೆರೆದಳು. ಯಾವ ಬೋಲ್ಟು ಎನ್ನುವ ಪ್ರಶ್ನೆ ತುಟಿಯವರೆಗೆ ಬಂದದ್ದು ಅವನಿಗೂ ಕಂಡಿತು. ಅಷ್ಟರಲ್ಲಿ ಅವಳು ಅವನ ಮುಖ ನೋಡಿದಳು, ಬಾಯಿ ಮುಚ್ಚಿದಳು.

"ಅದೂ ನಾನೇ ರೀ," ಎಂದಳು. "ಇದೇ ಸ್ಕ್ರೂಡ್ರೈವರಲ್ಲಿ ಸ್ವಲ್ಪ ತಿರುಗಿಸಿದ್ದೆ."

ಆ ಬೋಲ್ಟಿಗೆ ಆರು ಮೂಲೆಯ ದಪ್ಪ ತಲೆ; ಪಾನ ಇಲ್ಲದೆ ಅಲ್ಲಾಡುವುದಿಲ್ಲ. ಸ್ಕ್ರೂಡ್ರೈವರಿಗೆ ಅದರಲ್ಲಿ ಸೀಳೇ ಇಲ್ಲ. ಅಲ್ಲಿಗೆ ಕೈ ಹೋಗಬೇಕಾದರೆ ಮೊದಲು ಅಡಿಯ ತಗಡು ಬಿಚ್ಚಬೇಕು. ಇದನ್ನೆಲ್ಲ ಕೇಳಬಹುದಿತ್ತು ಅವನು. ಕೇಳಲಿಲ್ಲ. ಅವಳ ಕೈಯಿಂದ ಸ್ಕ್ರೂಡ್ರೈವರು ತೆಗೆದುಕೊಂಡು ಸ್ಕ್ರೂ ತಿರುಗಿಸಲು ಹೋದ. ಎಷ್ಟು ಸುತ್ತು ಬಿಚ್ಚಿಡಬೇಕು ಎಂದು ತೋಚದೆ ಹಾಗೇ ಕೂತ.

"ಇನ್ಮೇಲೆ ನಾನು ಇದರ ಕೆಲಸಕ್ಕೆ ಕೂತಾಗ ನೀನೂ ಪಕ್ಕದಲ್ಲಿ ಕೂತ್ಕೋ," ಎಂದ, ಅವಳ ಕಡೆ ತಿರುಗದೆ. "ಏನು ಬಿಚ್ಚಿದೆ, ಏನು ಬಿಗಿ ಮಾಡಿದೆ, ನೋಡ್ತಾ ಇರು."

ಅವಳು ಕಣ್ಣು ಒರೆಸಿಕೊಂಡು, ಅವನ ಪಕ್ಕದಲ್ಲೇ ನೆಲದ ಮೇಲೆ ಕೂತಳು.

"ಮೊದಲು ಆ ಬೋಲ್ಟ್ ಎಲ್ಲಿದೆ ಅಂತ ತೋರಿಸಿ," ಎಂದಳು.