ಮೊದಲ ಸಾಲಿನ ಮೂರು ಸೀಟು

ಹಿರಿಯೂರು–ಹೊಸದುರ್ಗದ ಖಾಸಗಿ ಬಸ್ಸಿನಲ್ಲಿ ಇಪ್ಪತ್ತೆರಡು ವರ್ಷ ಕಂಡಕ್ಟರಾಗಿದ್ದ ಮಾರಣ್ಣನಿಗೆ ಒಂದೇ ಧರ್ಮ ಗೊತ್ತಿತ್ತು. ಮುಂದಿನ ಸೀಟಿಗೆ ಟವೆಲು ಹಾಕಿದವರು ಬರುವ ತನಕ ಬಸ್ಸು ಕದಲಕೂಡದು. ಮೇಷ್ಟ್ರು ಕಾಫಿ ಕುಡಿದು ಬರಲಿ, ಬಾಣಂತಿ ಕೂಸಿಗೆ ಹಾಲು ಕುಡಿಸಿ ಬರಲಿ, ಅಲ್ಲಿಯವರೆಗೆ ಅವನು ‘ರೈಟ್’ ಎನ್ನುತ್ತಿರಲಿಲ್ಲ. ಪುಣ್ಯಾತ್ಮ, ಲೋಕವೆಲ್ಲ ತನ್ನ ಬಸ್ಸೆಂದೇ ತಿಳಿದಿದ್ದ.

ಸೋಮವಾರ ಬೆಳಗ್ಗೆ ಆರಕ್ಕೆ ದೆಹಲಿಯಿಂದ ಫೋನು ಬಂತು. ಹೆಂಡತಿ ಮಲ್ಲಕ್ಕನ ತಮ್ಮ, ಅಲ್ಲೇ ಸಂಸಾರ ಹೂಡಿದ್ದ ಲಾರಿ ಡ್ರೈವರ್ ಪ್ರಸನ್ನಕುಮಾರ್, ಅಪಘಾತದಲ್ಲಿ ತಲೆಗೆ ಪೆಟ್ಟಾಗಿ ಆಸ್ಪತ್ರೆ ಸೇರಿದ್ದ. ಸಂಜೆ ಆರಕ್ಕೆ ಆಪರೇಷನ್. ಉಳಿಯುವ ಭರವಸೆ ಡಾಕ್ಟರಿಗೇ ಇರಲಿಲ್ಲ. ತಾಯಿ ಸತ್ತ ಮೇಲೆ ತನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದ ಅಕ್ಕನ ಮುಖ ನೋಡಬೇಕೆಂದು ಅವನು ಹಟ ಹಿಡಿದಿದ್ದ.

ಟಿಕೆಟ್ ಮಾಡಿಕೊಟ್ಟವನು ಜೆರಾಕ್ಸ್ ಅಂಗಡಿಯ ಚೇತನ್‌ಕುಮಾರ್. “ಇದು ಕಮ್ಮಿ ರೇಟಿನ ವಿಮಾನ ಮಾರಣ್ಣ, ಸಾವ್ಕಾರ್ರಿಗೆ ಅಂತ ಬ್ಯಾರೆ ಕ್ಯಾಬಿನ್ ಇಲ್ಲ. ಆದ್ರೆ ಮ್ಯಾಲಿನ ಟಿಕೆಟ್ ಒಂದೈತೆ. ಮೊದಲ ಸಾಲು, ಊಟ, ನಡುವಿನ ಸೀಟು ಖಾಲಿ ಬಿಡ್ತಾರೆ.”

“ಅದ್ನೇ ಹಾಕಪ್ಪ.”

“ಒಂದು ಗಂಟೆಗೆ ಹೊರಡ್ತೈತೆ. ಹನ್ನೆರಡರೊಳಗೆ ಅಲ್ಲಿರ್ರಿ.”

ಮನೆಗೆ ಬರುವಷ್ಟರಲ್ಲಿ ಏಳೂವರೆ, ರಾಹುಕಾಲ ಶುರುವಾಗಿತ್ತು. ಮಲ್ಲಕ್ಕ ಚೀಲ ಹಿಡಿದು ಬಾಗಿಲಲ್ಲೇ ನಿಂತಿದ್ದಳು. “ಹೋಗಾಣ ನಡೀರಿ, ದೇವ್ರು ನೋಡ್ಕಂತಾನೆ.”

“ಅಂಥೋನ್ನ ನೋಡಾಕೆ ರಾಹುಕಾಲದಾಗೆ ಹೊಸ್ತಿಲು ದಾಟ್ತಾರೇನೇ? ಒಂಬತ್ತಾಗ್ಲಿ. ಮುಂದಿನ ಸೀಟು ಹಿಡಿದೀನಿ, ಬಿಟ್ಟು ಹೋಗಾಕಿಲ್ಲ.”

ಒಂಬತ್ತಕ್ಕೆ ಹೊರಟ ಕಾರು ವಿಮಾನ ನಿಲ್ದಾಣ ಮುಟ್ಟಿದಾಗ ಹನ್ನೆರಡೂ ಇಪ್ಪತ್ತು. ಕೌಂಟರಿನ ಹುಡುಗಿ ತಲೆಯಾಡಿಸಿದಳು. “ಕ್ಲೋಸ್ ಆಯ್ತು ಸರ್.”

“ಮೊದಲ ಸಾಲು ಕಣವ್ವ ನಮ್ದು! ಮುಂದಿನ ಸೀಟು ಖಾಲಿ ಇಟ್ಕಂಡು ಯಾರಾದ್ರೂ ಬಿಡ್ತಾರಾ? ಡ್ರೈವರ್‌ಗೆ ಒಂದು ಫೋನ್ ಹಾಕ್ರಿ.”

“ಈ ಟಿಕೆಟನ್ನ ಬಿಟ್ಟಿಯಾಗಿ ಬದಲಾಯಿಸಿ ಕೊಡ್ತೀವಿ. ಆದರೆ ಇವತ್ತು ಯಾವುದರಲ್ಲೂ ಸೀಟಿಲ್ಲ. ನಾಳೆ ಬೆಳಗ್ಗೆ ಹೋಗಬಹುದು.”

“ನಾಳೆ ತಗಂಡು ಏನ್ ಮಾಡ್ಲವ್ವ!” ಮಾರಣ್ಣ ಕೈ ಮುಗಿದ, ಗೋಗರೆದ, ಕೊನೆಗೆ ಕಾಲಿಗೆ ಬೀಳಲು ಬಗ್ಗಿದ. ಹುಡುಗಿಯ ಕಣ್ಣೂ ತುಂಬಿತು. ಅವಳ ಕೈಯಲ್ಲಿ ಏನೂ ಇರಲಿಲ್ಲ.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ತಮ್ಮಿಬ್ಬರ ಎರಡು, ನಡುವಿನದೊಂದು, ಮೂರೂ ಸೀಟು ಖಾಲಿಯಾಗಿಯೇ ಹಾರಿಹೋಗುತ್ತವೆಂದು ಮಾರಣ್ಣನಿಗೆ ಆಗ ಅರ್ಥವಾಯಿತು. ನೆಲಕ್ಕೆ ಕುಸಿದು ಹಣೆ ಚಚ್ಚಿಕೊಂಡ. “ಕೈಯಾರೆ ಕೆಡಿಸಿದೆ ಕಣೇ.”

ಫೋನು ಬಡಿದುಕೊಂಡಿತು. ಪ್ರಸನ್ನನ ಹೆಂಡತಿ ಸಹನಾ. ಮಲ್ಲಕ್ಕನೇ ಮಾರಣ್ಣನಿಂದ ಇಸಿದುಕೊಂಡಳು.

“ಅತ್ತಿಗೆ, ಹತ್ತಿದ್ರಾ? ಇವ್ರು ಬಾಗಿಲನ್ನೇ ನೋಡ್ತಾ ಅವ್ರೆ.”

ಮಲ್ಲಕ್ಕ ಗಂಡನ ಕಡೆ ನೋಡಲಿಲ್ಲ. “ಹತ್ತಿದೀವಿ ಕಣಮ್ಮ. ಮುಂದಿನ ಸೀಟೇ ಸಿಕ್ಕೈತೆ ಅಂತ ಹೇಳವನಿಗೆ. ಇನ್ನೇನು ಹೊರಡ್ತೈತೆ.”

ಆಮೇಲೆ ಫೋನು ಆಫ್ ಮಾಡಿದಳು. ವಿಮಾನದಲ್ಲಿ ಹಾಗೇ ಮಾಡಬೇಕೆಂದು ಚೇತನ್‌ಕುಮಾರ್ ಹೇಳಿಕೊಟ್ಟಿದ್ದ.